ಹಸು ಎದ್ದೇಳುವುದು ಹೇಗೆ? ರಂಗದ ಮೇಲೆ ಪ್ರಾಣಿಯಾಗುವ ಬಗ್ಗೆ

ಮಕ್ಕಳ ನಾಟಕದಲ್ಲಿ ಹಸು ಬರಬೇಕು ಅಂದರೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಒಂದು ಮಗು ಮಂಡಿಯೂರಿ, ಕೈ ಊರಿ, ಮೈಮೇಲೆ ಬಿಳಿ ಪಂಚೆ ಹೊದ್ದು ಸೈಡ್‌ವಿಂಗ್‌ನಿಂದ ಬರುತ್ತದೆ. ತಲೆಗೆ ರಟ್ಟಿನ ಕೊಂಬು, ಹಿಂದೆ ಹಗ್ಗದ ಬಾಲ. ನಡುವೆ ಬಂದು ನಿಂತು "ಅಂಬಾ" ಅನ್ನುತ್ತದೆ. ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಾರೆ. ತಟ್ಟಲೇಬೇಕು, ಅವರ ಮಗು ಅಲ್ವಾ. ಆದರೆ ಅಲ್ಲಿ ಹಸು ಕಂಡಿತಾ? ಕಂಡದ್ದು ಮಂಡಿ ನೋಯುತ್ತಿರುವ ಒಂದು ಮಗು.

ದೊಡ್ಡವರ ತಂಡಗಳಲ್ಲೂ ಇದೇ ಕಥೆ. ವರ್ಷಗಟ್ಟಲೆ ತರಬೇತಿ ಪಡೆದ ನಟರಿಗೂ "ಪ್ರಾಣಿ ಮಾಡಿ" ಅಂದರೆ ಸಾಕು, ಎಲ್ಲರೂ ನೆಲಕ್ಕೆ ಬೀಳುತ್ತಾರೆ. ಒಬ್ಬ ಗುರ್ ಅನ್ನುತ್ತಾನೆ, ಇನ್ನೊಬ್ಬಳು ಪಂಜ ಎತ್ತುತ್ತಾಳೆ. ಐದು ನಿಮಿಷಕ್ಕೆ ಎಲ್ಲರಿಗೂ ಸುಸ್ತು.

ಇವತ್ತು ನಾನು ಹೇಳಲು ಬಂದಿರುವ ವಿಷಯ ಚಿಕ್ಕದು. ಪ್ರೇಕ್ಷಕರಿಗೆ ಪ್ರಾಣಿ ಕಾಣಬೇಕಾದರೆ ಎರಡು ಸಂಗತಿ ಗೊತ್ತಾಗಬೇಕು. ಒಂದು, ಅದರ ಭಾರ ನೆಲಕ್ಕೆ ಹೇಗೆ ಇಳಿಯುತ್ತದೆ. ಎರಡು, ಅದರ ಗಮನ ಎಲ್ಲಿ ಇದೆ. ಈ ಎರಡೂ ಕೈಗೆ ಸಿಕ್ಕರೆ ನೆಟ್ಟಗೆ ನಿಂತುಕೊಂಡೇ ಹುಲಿಯಾಗಬಹುದು. ಕೊಂಬು, ಬಾಲ, ನಾಲ್ಕು ಕಾಲು ಎಲ್ಲ ಆಮೇಲಿನ ಮಾತು.

ಮೊದಲು ಮೈಯ ಲೆಕ್ಕ ನೋಡೋಣ. ನಾಯಿಯ ಹಿಂಗಾಲು ನೆನಪು ಮಾಡಿಕೊಳ್ಳಿ. ಕಾಲಿನ ಅರ್ಧಕ್ಕೆ ಹಿಂದಕ್ಕೆ ಚಾಚಿದ ಒಂದು ಗಂಟು ಇದೆ. ನಾಯಿಗೆ ಮಂಡಿ ಹಿಂದಕ್ಕೆ ಮಡಿಚುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಅದು ಮಂಡಿಯೇ ಅಲ್ಲ, ಹಿಮ್ಮಡಿ. ನಾಯಿ, ಬೆಕ್ಕು, ಹುಲಿ ಇವೆಲ್ಲ ಬೆರಳ ಮೇಲೆ ನಡೆಯುತ್ತವೆ. ಹಿಮ್ಮಡಿ ಯಾವಾಗಲೂ ಗಾಳಿಯಲ್ಲೇ ಇರುತ್ತದೆ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ಅದು ನಮ್ಮ ಮಂಡಿಯ ಹಾಗೇ ಮಡಿಚುತ್ತದೆ. ಹಸು, ಕುದುರೆ ಇನ್ನೂ ಮುಂದೆ ಹೋಗಿವೆ. ಅವು ನಿಂತಿರುವುದು ಬೆರಳಿನ ತುದಿಯ ಮೇಲೆ. ಗೊರಸು ಅನ್ನುವುದು ದಪ್ಪ ಉಗುರು, ಅಷ್ಟೇ. ಇಡೀ ಪಾದ ಊರಿ ನಡೆಯುವುದು ನಾವು ಮತ್ತು ಕರಡಿಯಂಥ ಕೆಲವು ಪ್ರಾಣಿ. ಹಾಗಾಗಿ ಮಂಡಿಯೂರಿ ರಂಗಕ್ಕೆ ಬರುವ ಹಸು ಯಾವ ಕೊಟ್ಟಿಗೆಯಲ್ಲೂ ಇಲ್ಲ.

ಸರಿ, ಮಂಡಿ ಎತ್ತೋಣ, ಅಂಗೈ ಮತ್ತು ಪಾದದ ಮೇಲೆ ನಡೆಯೋಣ ಅಂತೀರಾ. ಆಗ ಇನ್ನೊಂದು ತೊಂದರೆ. ನಮ್ಮ ಕೈ ಕಾಲಿಗಿಂತ ಗಿಡ್ಡ. ಸೊಂಟ ಮೇಲೆ ಹೋಗುತ್ತದೆ, ತಲೆ ಕೆಳಗೆ ಬರುತ್ತದೆ, ಮುಖ ನೆಲ ನೋಡುತ್ತದೆ. ಮುಖ ಎತ್ತಿದರೆ ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತದೆ. ಹಸುವಿನ ಕತ್ತು ಬೆನ್ನಿನಿಂದ ನೇರ ಮುಂದಕ್ಕೆ ಹೋಗುತ್ತದೆ. ನಮ್ಮ ತಲೆ ಬೆನ್ನೆಲುಬಿನ ನೆತ್ತಿಯ ಮೇಲೆ ಕೂತಿದೆ. ಹೆಗಲಿನದೂ ಹೀಗೇ. ಹುಲಿಯ ಮುಂಗಾಲು ಎದೆಗೂಡಿಗೆ ಮೂಳೆಯಿಂದ ಬಿಗಿಯಾಗಿ ಜೋಡಣೆಯಾಗಿಲ್ಲ, ಮಾಂಸಖಂಡದಲ್ಲಿ ತೂಗುತ್ತಿರುತ್ತದೆ. ಅದಕ್ಕೇ ಅದು ನಡೆಯುವಾಗ ಹೆಗಲ ಮೂಳೆಗಳು ಒಂದಾದ ಮೇಲೆ ಒಂದು ಬೆನ್ನಿಗಿಂತ ಮೇಲೆದ್ದು ಇಳಿಯುತ್ತವೆ. ನಿಮ್ಮ ಮನೆ ಬೆಕ್ಕಿನಲ್ಲೂ ಇದನ್ನು ನೋಡಬಹುದು. ನಮಗೆ ಮುಂದೆ ಕಾಲರ್ ಮೂಳೆ ಅಡ್ಡ ಇದೆ, ಅಷ್ಟು ಸಡಿಲ ಸಿಗುವುದಿಲ್ಲ.

ಒಟ್ಟಿನಲ್ಲಿ ಆಕಾರದ ಸ್ಪರ್ಧೆಯಲ್ಲಿ ನಾವು ಶುರುವಿನಲ್ಲೇ ಸೋತಿದ್ದೇವೆ. ಇದನ್ನು ಒಪ್ಪಿಕೊಂಡ ರಂಗಭೂಮಿಯೇ ಒಳ್ಳೆಯ ಪ್ರಾಣಿಗಳನ್ನು ಕೊಟ್ಟಿದೆ. ಪೀಟರ್ ಶಾಫರ್ ಅವರ 'ಈಕ್ವಸ್' ನಾಟಕ 1973ರಲ್ಲಿ ಲಂಡನ್ನಿನಲ್ಲಿ ಬಂತು. ಕುದುರೆಗಳ ಕಣ್ಣು ಚುಚ್ಚಿದ ಹುಡುಗನೊಬ್ಬನ ಕಥೆ. ರಂಗದ ಮೇಲೆ ಕುದುರೆಗಳು ಬೇಕೇ ಬೇಕು. ನಟರು ಬಗ್ಗಬಾರದು, ಕೈ ಊರಬಾರದು, ನೆಟ್ಟಗೇ ನಿಲ್ಲಬೇಕು ಅಂತ ನಾಟಕದ ಸೂಚನೆಯಲ್ಲೇ ಇದೆ. ತಲೆಯ ಮೇಲೆ ತಂತಿಯ ಮುಖವಾಡ, ಅದರೊಳಗೆ ನಟನ ಮುಖ ಕಾಣುತ್ತಿರುತ್ತದೆ. ಕಾಲಿಗೆ ಲೋಹದ ಗೊರಸು. ಆ ಗೊರಸಿನಿಂದಾಗಿ ನಟ ನಾಲ್ಕು ಇಂಚು ಮೇಲೆದ್ದು, ಭಾರವನ್ನು ಬೇರೆ ಥರ ಹೊರಬೇಕಾಗುತ್ತದೆ. ಉಳಿದದ್ದೆಲ್ಲ ಕತ್ತು, ಮಂಡಿ ಮತ್ತು ಕಾಲು ಬದಲಿಸುವ ರೀತಿ. ಕುದುರೆಯ ಹಿಂದಿನ ಅರ್ಧ ಮೈಯನ್ನು ಪ್ರೇಕ್ಷಕರೇ ಕಲ್ಪಿಸಿಕೊಳ್ಳುತ್ತಾರೆ.

ಅದಕ್ಕೆ ಲಂಡನ್ನಿಗೇ ಹೋಗಬೇಕಾಗಿಲ್ಲ. ಉಡುಪಿ, ಮಂಗಳೂರಿಗೆ ಹೋಗಿ. ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವಕ್ಕೆ ಅಥವಾ ನವರಾತ್ರಿಗೆ ಹುಲಿವೇಷ ನೋಡಿ. ನಾನಂತೂ ನಮ್ಮ ವಿದ್ಯಾರ್ಥಿಗಳಿಗೆ ಪ್ರಾಣಿಯ ಮೊದಲ ಪಾಠ ಅಂತ ಇದನ್ನೇ ತೋರಿಸುವುದು. ಆ ಹುಲಿ ಎರಡು ಕಾಲಿನ ಮೇಲೆ ನಿಂತಿರುತ್ತದೆ. ನಡುನಡುವೆ ನೆಲಕ್ಕೂ ಬರುತ್ತದೆ, ಲಾಗ ಹಾಕುತ್ತದೆ, ಕೈ ಮೇಲೆ ನಡೆಯುತ್ತದೆ. ಆದರೆ ಜಾಸ್ತಿ ಹೊತ್ತು ನಿಂತೇ ಕುಣಿಯುತ್ತದೆ. ಹುಲಿ ಯಾಕೆ ನಿಂತಿದೆ ಅಂತ ಒಬ್ಬ ಮಗುವೂ ಕೇಳುವುದಿಲ್ಲ. ಹೆದರಿ ಅಮ್ಮನ ಸೆರಗು ಹಿಡಿಯುತ್ತದೆ ಅಷ್ಟೇ.

ಯಾಕೆ ಹೀಗೆ? ಬಣ್ಣ ಒಂದು ಕಾರಣ, ನಿಜ. ಮೈಯೆಲ್ಲ ಪಟ್ಟೆ ಬರೆದಾಗ ಹೊಟ್ಟೆ ಉಸಿರಾಡಿದರೂ ಪಟ್ಟೆ ಅಲುಗಾಡುತ್ತದೆ. ಬಟ್ಟೆಯ ವೇಷದಲ್ಲಿ ಅದು ಸಿಗುವುದಿಲ್ಲ. ಆದರೆ ನೀವು ಮಂಡಿ ನೋಡಿ. ಕುಣಿಯುವವನು ಮಂಡಿ ಬಗ್ಗಿಸಿ ಸೊಂಟ ಕೆಳಗೆ ಇಟ್ಟಿರುತ್ತಾನೆ. ಭಾರ ಪೂರ್ತಿ ನೆಲದ ಹತ್ತಿರ. ಎದೆ ಸ್ವಲ್ಪ ಮುಂದೆ. ಹೆಗಲು ಒಂದಾದ ಮೇಲೆ ಒಂದು ಉರುಳುತ್ತದೆ. ನಾನು ಈಗಷ್ಟೇ ಹೇಳಿದೆನಲ್ಲ, ಹುಲಿಯ ಹೆಗಲ ಮೂಳೆ ಏಳುವುದು ಇಳಿಯುವುದು, ಅದನ್ನೇ ನಿಂತ ಮೈಗೆ ತಂದಿದ್ದಾರೆ. ಯಾವ ಶಾಲೆಯಲ್ಲೂ ಕಲಿಸಿದ್ದಲ್ಲ. ಹಿರಿಯರು ಮಾಡಿದ್ದನ್ನು ನೋಡಿ ಕಿರಿಯರು ಕಲಿತದ್ದು. ತಾಸೆ ಅನ್ನುವ ಚರ್ಮವಾದ್ಯದ ಪೆಟ್ಟು ಬದಲಾದರೆ ಹೆಜ್ಜೆ ಬದಲಾಗುತ್ತದೆ. ತಾಸೆ ನಿಂತಾಗ ಹುಲಿಯೂ ನಿಂತು ನೋಡುತ್ತದೆ. ಆ ನೋಟ ಬಹಳ ಮುಖ್ಯ. ಆಮೇಲೆ ಅಕ್ಕಿ ಮುಡಿ, ಅಂದರೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ. 40 ಕೆಜಿಗೂ ಹೆಚ್ಚು ತೂಗುವ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಆ ಕ್ಷಣದಲ್ಲಿ ಕತ್ತು, ದವಡೆ, ಬೆನ್ನು, ಹಿಂಗಾಲು ಎಲ್ಲ ಒಂದೇ ಗೆರೆಯಲ್ಲಿ ಕೆಲಸ ಮಾಡುತ್ತವೆ. ಬೇಟೆಯನ್ನು ಎಳೆಯುವ ಹುಲಿಯ ಮೈಯೂ ಹೀಗೇ. ಅಲ್ಲಿ ಅಭಿನಯ ಏನೂ ಇಲ್ಲ, ಭಾರ ನಿಜವಾದದ್ದು. ತಾಲೀಮಿನಲ್ಲಿ ನಾನು ಇದನ್ನು ಕದ್ದಿದ್ದೇನೆ. ಹುಲಿ ಮಾಡುವವರ ಹಲ್ಲಿಗೆ ಟವೆಲ್ ಕೊಟ್ಟು ಇನ್ನೊಂದು ತುದಿ ಬೇರೆಯವರು ಎಳೆಯುವುದು. ಮೆಲ್ಲಗೆ, ಹಲ್ಲು ಗಟ್ಟಿ ಇರುವವರು ಮಾತ್ರ.

ಇನ್ನು ನೋಡುವ ಕೆಲಸ. ಹೊಸ ನಾಟಕ ಕಟ್ಟುವಾಗ ನಾವು ಮೊದಲ ವಾರ ಏನನ್ನೂ ಮಾಡುವುದಿಲ್ಲ, ಸುಮ್ನೆ ನೋಡುತ್ತೇವೆ. ಒಬ್ಬೊಬ್ಬರು ಒಂದೊಂದು ಪ್ರಾಣಿ ಹಿಡಿದುಕೊಳ್ಳುತ್ತಾರೆ. ಮೊಬೈಲ್‌ನಲ್ಲಿ ವಿಡಿಯೊ ತೆಗೆಯುವುದು ಮೊದಲ ದಿನ ಬೇಡ ಅನ್ನುತ್ತೇನೆ. ವಿಡಿಯೊ ಇದೆ ಅಂದ ಕೂಡಲೇ ಕಣ್ಣು ಸೋಮಾರಿಯಾಗುತ್ತದೆ. ನೋಡಿ ಬಂದವರಿಗೆ ನನ್ನ ಪ್ರಶ್ನೆಗಳು ಹೀಗಿರುತ್ತವೆ. ಶಬ್ದ ಆದಾಗ ಅದರ ಮೈಯಲ್ಲಿ ಮೊದಲು ಅಲುಗಾಡಿದ್ದು ಯಾವುದು? ಯಾವ ಭಾಗ ಅಲುಗಾಡಲೇ ಇಲ್ಲ? ಏನೂ ಮಾಡದೆ ಇದ್ದಾಗ ಏನು ಮಾಡುತ್ತಿತ್ತು? ಕೊನೆಯ ಪ್ರಶ್ನೆಗೆ ಎಲ್ಲರೂ ನಗುತ್ತಾರೆ. ಆದರೆ ಪ್ರಾಣಿ ರಂಗದ ಮೇಲೆ ಜಾಸ್ತಿ ಹೊತ್ತು ಮಾಡುವುದು ಅದನ್ನೇ.

ಹಸುವನ್ನೇ ತೆಗೆದುಕೊಳ್ಳಿ. ಮಲಗಿದ ಹಸು ಹೇಗೆ ಏಳುತ್ತದೆ? ಹಳ್ಳಿಯಿಂದ ಬಂದವರು ಕೈ ಎತ್ತಿ... ಹೌದು, ಹಿಂಭಾಗ ಮೊದಲು. ಮುಂಗಾಲಿನ ಗಂಟಿನ ಮೇಲೆ ಕೂತ ಹಾಗೆ ಇದ್ದು, ಕತ್ತನ್ನು ಮುಂದಕ್ಕೆ ಒಮ್ಮೆ ಜೋರಾಗಿ ಚಾಚುತ್ತದೆ. ಆ ನೂಕಿನಲ್ಲಿ ಹಿಂಭಾಗ ಮೇಲೆ ಬರುತ್ತದೆ. ಅರೆಗಳಿಗೆ ಹಾಗೇ ನಿಲ್ಲುತ್ತದೆ, ಹಿಂದೆ ಎತ್ತರ, ಮುಂದೆ ತಗ್ಗು. ಆಮೇಲೆ ಒಂದು ಮುಂಗಾಲು, ಇನ್ನೊಂದು ಮುಂಗಾಲು. ಕುದುರೆ ಇದಕ್ಕೆ ಉಲ್ಟಾ. ಮುಂಗಾಲು ಎರಡನ್ನೂ ಮುಂದೆ ಚಾಚಿ ಊರಿ, ಎದೆ ಎತ್ತಿ, ಕೊನೆಗೆ ಹಿಂಭಾಗವನ್ನು ಮೇಲಕ್ಕೆ ಎಸೆಯುತ್ತದೆ. ಈಗ ನೀವು ಒಬ್ಬ ನಟಿಗೆ ಬಾಲ ಬೇಡ, ಕೊಂಬು ಬೇಡ, ಸುಮ್ನೆ ನೆಲದ ಮೇಲಿಂದ ಹಿಂಭಾಗ ಮೊದಲು ಏಳು ಅನ್ನಿ. ಕತ್ತಿನ ಆ ಚಾಚು ಸರಿಯಾಗಿ ಬಿದ್ದರೆ ಹಳ್ಳಿಯ ಪ್ರೇಕ್ಷಕರು ಅಲ್ಲೇ ಗುರುತು ಹಿಡಿಯುತ್ತಾರೆ. ದನ ಕಟ್ಟಿದವರ ಮುಂದೆ ಹಸು ಮಾಡುವುದು ಹುಡುಗಾಟದ ಮಾತಲ್ಲ. ಅವರಿಗೆ ತಪ್ಪು ಕುದುರೆ ನಡೆಯುತ್ತದೆ, ತಪ್ಪು ಹಸು ನಡೆಯುವುದಿಲ್ಲ.

ಮೆಲುಕು ಹಾಕುವುದನ್ನೂ ನೋಡಬೇಕು. ನಟರು ಬಾಯಿ ಮೇಲೆ ಕೆಳಗೆ ಆಡಿಸುತ್ತಾರೆ. ಹಸುವಿನ ದವಡೆ ಅಡ್ಡಡ್ಡ ಅರೆಯುತ್ತದೆ. ಒಂದಷ್ಟು ಹೊತ್ತು ಅರೆದು ನುಂಗುತ್ತದೆ. ಆಮೇಲೆ ಪೂರ್ತಿ ನಿಲ್ಲುತ್ತದೆ. ಕೆಲವು ಕ್ಷಣ ಏನೂ ಇಲ್ಲ. ಆಮೇಲೆ ಕತ್ತಿನ ಕೆಳಗಿನಿಂದ ಒಂದು ಉಂಡೆ ಮೇಲೆ ಬರುವುದು ಹೊರಗೇ ಕಾಣುತ್ತದೆ, ಮತ್ತೆ ಅರೆಯುವುದು ಶುರು. ಆ ನಡುವಿನ ನಿಲುಗಡೆ ಇದೆಯಲ್ಲ, ಅದನ್ನು ನಮ್ಮ ತಂಡದ ಒಬ್ಬ ಹುಡುಗಿ ಹಿಡಿದಳು. ಅರೆಯುತ್ತಾಳೆ, ನಿಲ್ಲಿಸುತ್ತಾಳೆ, ಕಾಯುತ್ತಾಳೆ. ನೋಡುತ್ತಿದ್ದ ನಾವೂ ಕಾಯುತ್ತೇವೆ. ಉಂಡೆ ಬಂದಾಗ ಎಲ್ಲರೂ ನಕ್ಕೆವು. ಅಷ್ಟು ಹೊತ್ತಿಗೆ ಅವಳು ಎರಡು ಕಾಲಿನ ಮನುಷ್ಯಳು ಅನ್ನುವುದು ನಮ್ಮ ತಲೆಯಿಂದ ಹೋಗಿತ್ತು.

ನಮ್ಮಲ್ಲಿ ಇಲ್ಲದ ಅಂಗಗಳನ್ನು ಏನು ಮಾಡುವುದು? ಕಿವಿ, ಬಾಲ, ಅದುರುವ ಚರ್ಮ. ಹಸುವಿನ ಮೈಮೇಲೆ ನೊಣ ಕೂತರೆ ಆ ಜಾಗದ ಚರ್ಮ ಮಾತ್ರ ಅದುರುತ್ತದೆ. ನಮಗೆ ಅದು ಆಗುವುದಿಲ್ಲ. ನಮ್ಮ ಪದ್ಧತಿ ಏನೆಂದರೆ, ಇಲ್ಲದ ಅಂಗದ ಕೆಲಸವನ್ನು ಇರುವ ಅಂಗಕ್ಕೆ ವಹಿಸಿಬಿಡುವುದು. ಕಿವಿಯ ಕೆಲಸ ಹೆಗಲಿಗೆ. ಬಲಗಡೆ ಸದ್ದಾದರೆ ಬಲ ಹೆಗಲು ಮೊದಲು ತೆರೆದುಕೊಳ್ಳುತ್ತದೆ, ತಲೆ ಆಮೇಲೆ ತಿರುಗುತ್ತದೆ, ಕಣ್ಣು ಕೊನೆಗೆ. ಮನುಷ್ಯರು ಸಾಮಾನ್ಯವಾಗಿ ಕಣ್ಣಿನಿಂದ ಶುರು ಮಾಡುತ್ತಾರೆ. ಈ ಕ್ರಮ ಉಲ್ಟಾ ಮಾಡಿದರೇ ಸಾಕು, ಎದುರಿಗಿರುವುದು ಮನುಷ್ಯ ಅಲ್ಲ ಅಂತ ನೋಡುವವರಿಗೆ ಅನ್ನಿಸಲು ಶುರುವಾಗುತ್ತದೆ. ಚರ್ಮ ಅದುರುವ ಕೆಲಸವನ್ನು ಪಕ್ಕೆಲುಬಿಗೆ ಕೊಟ್ಟೆವು. ಬಾಲಕ್ಕೆ ಯಾರನ್ನೂ ಹಾಕಲಿಲ್ಲ. ಬಾಲ ಇಲ್ಲದಿದ್ದರೆ ಏನೂ ಕಡಿಮೆ ಅನ್ನಿಸುವುದಿಲ್ಲ.

ಈಗ ಒಂದು ಸಣ್ಣ ಆಟ ಆಡೋಣ, ಕೂತಲ್ಲೇ ಆಗುತ್ತದೆ. ಎದುರಿನ ಗೋಡೆಯ ಮೇಲೆ ಒಂದು ಚುಕ್ಕೆ ಹಿಡಿದುಕೊಳ್ಳಿ. ಮೂಗು ಅಲ್ಲೇ ಇರಲಿ. ಈಗ ಎದೆಯನ್ನು ಮಾತ್ರ ಮುಂದೆ ತನ್ನಿ, ತಲೆ ಹಿಂದೆಯೇ ಉಳಿಯಬೇಕು. ಇನ್ನು ಆಗುವುದಿಲ್ಲ ಅನ್ನಿಸಿದಾಗ ತಲೆಯನ್ನು ಪಟ್ಟಂತ ಮುಂದೆ ಬಿಡಿ. ಮತ್ತೆ ಅದೇ. ಹಾಂ, ಕೋಳಿ ಬಂತು. ಕೋಳಿ, ಪಾರಿವಾಳ ತಲೆ ಆಡಿಸುತ್ತಾ ನಡೆಯುತ್ತವೆ ಅಂತ ನಾವು ಅನ್ನುತ್ತೇವೆ. ಅವು ಮಾಡುವುದು ತಲೆಯನ್ನು ನಿಲ್ಲಿಸುವ ಕೆಲಸ. ಮೈ ಮುಂದೆ ಹೋಗುತ್ತಿರುವಾಗ ತಲೆ ಇದ್ದಲ್ಲೇ ಇರುತ್ತದೆ, ನೋಡುವುದು ಅಲುಗಾಡಬಾರದು ಅಂತ. ಆಮೇಲೆ ಒಂದೇ ಸಲಕ್ಕೆ ಮುಂದೆ. 1978ರಲ್ಲಿ ಬ್ಯಾರಿ ಫ್ರಾಸ್ಟ್ ಅನ್ನುವ ವಿಜ್ಞಾನಿ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರು. ಕಾಲು ನಡೆಯುತ್ತಿತ್ತು, ಸುತ್ತಲಿನ ನೋಟ ಹಿಂದೆ ಸರಿಯುತ್ತಿರಲಿಲ್ಲ. ತಲೆ ಆಡಿಸುವುದೂ ನಿಂತುಹೋಯಿತು. ಅಂದರೆ ಆ ಚಲನೆ ಇರುವುದು ನೋಡುವುದಕ್ಕೆ. ನನಗೆ ಇದು ಬಹಳ ಉಪಯೋಗಕ್ಕೆ ಬಂತು. ಕೋಳಿ ಮಾಡುವವರಿಗೆ ತಲೆ ಆಡಿಸು ಅಂದರೆ ಕಾರ್ಟೂನ್ ಬರುತ್ತದೆ. ಕಾಳು ನೋಡು, ಕಣ್ಣು ಬಿಡಬೇಡ ಅಂದರೆ ಕೋಳಿ ಬರುತ್ತದೆ.

ಮಕ್ಕಳ ಜೊತೆ ಕೆಲಸ ಮಾಡುವ ಮೇಷ್ಟ್ರುಗಳು ಇಲ್ಲಿ ಬಹಳ ಜನ ಇದ್ದೀರಿ. ನಿಮಗೂ ಇದೇ ಮಾತು. "ಹಸು ಮಾಡು" ಅನ್ನಬೇಡಿ. "ನಿನ್ನ ಎಡಪಕ್ಕೆಗೆ ನೊಣ ಕೂತಿದೆ, ಕೈ ಇಲ್ಲ, ಓಡಿಸು" ಅನ್ನಿ.

ನಡಿಗೆಯ ವಿಷಯಕ್ಕೆ ಬರುತ್ತೇನೆ. ಓಡುವ ಕುದುರೆಯನ್ನು ಚಿತ್ರಕಾರರು ಬಹಳ ಕಾಲ ಹೇಗೆ ಬರೆಯುತ್ತಿದ್ದರು ಗೊತ್ತಾ? ಮುಂಗಾಲು ಎರಡೂ ಮುಂದಕ್ಕೆ, ಹಿಂಗಾಲು ಎರಡೂ ಹಿಂದಕ್ಕೆ ಚಾಚಿ, ಗಾಳಿಯಲ್ಲಿ ತೇಲಿದ ಹಾಗೆ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೊ ತೆಗೆದರು. ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಎಲ್ಲ ಕಾಲು ಕೂಡಿಕೊಂಡಾಗ. ಅಷ್ಟು ಕಾಲ ದಿನಾ ಕುದುರೆ ನೋಡಿದವರಿಗೂ ಅದು ಕಂಡಿರಲಿಲ್ಲ.

ನಮ್ಮ ಕೆಲಸಕ್ಕೆ ಕಣ್ಣಿಗಿಂತ ಕಿವಿ ಬೇಗ ಕಲಿಸುತ್ತದೆ. ಕುದುರೆ ಸುಮ್ಮನೆ ನಡೆದರೆ ನಾಲ್ಕು ಪೆಟ್ಟು, ಸಮಸಮ. ಸ್ವಲ್ಪ ಜೋರು ಮಾಡಿದರೆ ಎದುರುಬದುರು ಮೂಲೆಯ ಎರಡೆರಡು ಕಾಲು, ಅಂದರೆ ಎಡ ಮುಂಗಾಲು ಬಲ ಹಿಂಗಾಲು, ಒಟ್ಟಿಗೆ ಬೀಳುತ್ತವೆ, ಎರಡು ಪೆಟ್ಟು. ಇನ್ನೂ ಜೋರಾದರೆ ಮೂರು ಪೆಟ್ಟು ಮತ್ತು ಒಂದು ಖಾಲಿ. ಆ ಖಾಲಿಯಲ್ಲಿ ಕುದುರೆ ಗಾಳಿಯಲ್ಲಿದೆ. ಇದನ್ನು ಮೊದಲು ತೊಡೆಯ ಮೇಲೆ ಬಾರಿಸಿ, ಆಮೇಲೆ ಇಬ್ಬರು ನಟರು ಹಿಂದೆ ಮುಂದೆ ನಿಂತು ಕಾಲಿಗೆ ತನ್ನಿ. ಮುಂದಿನವರು ಮುಂಗಾಲು, ಹಿಂದಿನವರು ಹಿಂಗಾಲು. ತಾಳ ಬಂದರೆ ಕುದುರೆ ಬಂತು.

ಆನೆಯ ವಿಷಯದಲ್ಲಿ ನನಗೆ ಒಂದು ತಕರಾರಿದೆ. ರಂಗದ ಮೇಲೆ ಆನೆ ಬಂದರೆ ಎಲ್ಲರೂ ಹಿಂದೆ ಡೋಲು ಬಾರಿಸುತ್ತಾರೆ, ನಟರು ದಡ್ ದಡ್ ಅಂತ ಕಾಲು ಅಪ್ಪಳಿಸುತ್ತಾರೆ. ಆನೆ ನಡೆದರೆ ಸದ್ದೇ ಬರುವುದಿಲ್ಲ. ನಾಗರಹೊಳೆ ಕಡೆಯವರನ್ನು ಕೇಳಿ, ತೋಟದಲ್ಲಿ ಹತ್ತು ಮಾರು ದೂರಕ್ಕೆ ಬಂದರೂ ಗೊತ್ತಾಗಲಿಲ್ಲ ಅನ್ನುತ್ತಾರೆ. ಅದರ ಪಾದದೊಳಗೆ ಹಿಮ್ಮಡಿಯ ಕಡೆ ಕೊಬ್ಬಿನ ದಪ್ಪ ಮೆತ್ತೆ ಇದೆ. ಕಾಲು ಇಟ್ಟಾಗ ಹರಡಿಕೊಳ್ಳುತ್ತದೆ, ಎತ್ತಿದಾಗ ಕಿರಿದಾಗುತ್ತದೆ. ಇನ್ನೊಂದು, ಆನೆ ಎಷ್ಟೇ ಬೇಗ ಹೋದರೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ. ಅಂದಮೇಲೆ ಆನೆಯ ಭಾರ ತೋರಿಸುವುದು ಹೇಗೆ? ಕಾಲು ಎತ್ತುವ ಮೊದಲು ಆಗುವ ತಯಾರಿಯಲ್ಲಿ. ಭಾರವನ್ನು ಪೂರ್ತಿ ಒಂದು ಕಡೆಗೆ ಸಾಗಿಸಿ, ಆಮೇಲೆ ಇನ್ನೊಂದು ಕಾಲು. ದಸರಾಕ್ಕೆ ಮೊದಲು ಮೈಸೂರಿನಲ್ಲಿ ಆನೆಗಳಿಗೆ ಮರಳಿನ ಮೂಟೆ ಹೊರಿಸಿ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರಲ್ಲ, ಆ ತಾಲೀಮು ಹೋಗಿ ನೋಡಿ. 750 ಕೆಜಿಯ ಅಂಬಾರಿಗೆ ಅವು ಹೇಗೆ ತಯಾರಾಗುತ್ತವೆ ಅಂತ. ಮೆರವಣಿಗೆಯ ದಿನ ಅಲಂಕಾರದಲ್ಲಿ ಕಾಲೇ ಸರಿಯಾಗಿ ಕಾಣುವುದಿಲ್ಲ, ತಾಲೀಮಿನ ದಿನ ಎಲ್ಲ ಕಾಣುತ್ತದೆ. ನಾಟಕದವರಿಗೆ ಇದು ಗೊತ್ತಿರುವ ವಿಷಯವೇ.

ಗೊಂಬೆಯವರಿಂದಲೂ ಕಲಿಯುವುದಿದೆ. 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ 'ವಾರ್ ಹಾರ್ಸ್' ಮಾಡಿತು. ದಕ್ಷಿಣ ಆಫ್ರಿಕಾದ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯವರು ಬೆತ್ತದಲ್ಲಿ ನಿಜವಾದ ಕುದುರೆಯಷ್ಟೇ ದೊಡ್ಡ ಗೊಂಬೆ ಮಾಡಿದರು. ಮೂರು ಜನ ಆಡಿಸುತ್ತಾರೆ. ಒಬ್ಬರು ತಲೆಗೆ, ಒಬ್ಬರು ಎದೆಗೆ, ಒಬ್ಬರು ಹಿಂಭಾಗಕ್ಕೆ. ಮೂವರೂ ಕಣ್ಣಿಗೆ ಕಾಣುತ್ತಾರೆ. ಮುಚ್ಚಿಡುವ ಪ್ರಯತ್ನವೇ ಇಲ್ಲ. ಆ ಮೂವರು ಮಾತಾಡಿಕೊಳ್ಳುವಂತಿಲ್ಲ, ಕಣ್ಣು ಸನ್ನೆಗೂ ಜಾಗವಿಲ್ಲ. ಮೂವರನ್ನೂ ಕೂಡಿಸುವುದು ಉಸಿರು. ನಿಂತ ಕುದುರೆಯ ಎದೆ ಏರಿಳಿಯುತ್ತಿರುತ್ತದೆ, ಕಿವಿ ಸದ್ದಿನ ಕಡೆ ತಿರುಗುತ್ತದೆ. ಅಷ್ಟಕ್ಕೇ ಜನ ನಂಬಿಬಿಟ್ಟರು. ಕುದುರೆಯ ಚಲನೆಗಳನ್ನು ಕಟ್ಟಿದ ಟೋಬಿ ಸೆಜ್‌ವಿಕ್ ಪ್ಯಾರಿಸ್‌ನ ಜಾಕ್ ಲೆಕಾಕ್ ಅವರ ಶಾಲೆಯಲ್ಲಿ ಕಲಿತವರು. ಲೆಕಾಕ್ ಆಟೋಟ, ವ್ಯಾಯಾಮದ ಕಡೆಯಿಂದ ರಂಗಭೂಮಿಗೆ ಬಂದವರು. 1956ರಲ್ಲಿ ಶಾಲೆ ಶುರು ಮಾಡಿದರು. ಪ್ರಾಣಿಯ ಚಲನೆಯನ್ನು ಬಿಡಿಸಿ ನೋಡಿ ಮೈಗೆ ತರುವುದು ಅಲ್ಲಿನ ಪಾಠದ ಭಾಗ. ಪೂರ್ತಿ ಪ್ರಾಣಿಯಾಗಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮನುಷ್ಯನಾಗುತ್ತಾ ಬನ್ನಿ, ಪ್ರಾಣಿ ಒಳಗೆ ಉಳಿಯಲಿ ಅನ್ನುವ ಅಭ್ಯಾಸ. ಬಡ್ಡಿ ವ್ಯಾಪಾರಿಯ ಪಾತ್ರಕ್ಕೆ ಉಡವನ್ನೋ ಕೊಕ್ಕರೆಯನ್ನೋ ಒಳಗೆ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ.

2022ರಲ್ಲಿ ಇನ್ನೊಂದು ನಡೆಯಿತು. 'ಲೈಫ್ ಆಫ್ ಪೈ' ನಾಟಕದಲ್ಲಿ ಹುಲಿಯನ್ನು ಆಡಿಸಿದ ಏಳು ಜನರಿಗೆ ಒಟ್ಟಾಗಿ ಲಂಡನ್ನಿನ ಒಲಿವಿಯರ್ ಪ್ರಶಸ್ತಿ ಬಂತು, ಪೋಷಕ ನಟನ ಪ್ರಶಸ್ತಿ. ಹುಲಿಗೆ ನಟನ ಪ್ರಶಸ್ತಿ! ನಮ್ಮ ಬಜೆಟ್ಟಿನಲ್ಲಿ ಅಂಥ ಗೊಂಬೆ ಬರುವುದಿಲ್ಲ, ಬಿಡಿ. ನಮ್ಮ ಹತ್ತಿರ ಇರುವುದು ಪಂಚೆ, ಟವೆಲ್, ಬಿದಿರು ಕೋಲು ಮತ್ತು ಮೈ. ಉಸಿರಿಗೆ ಮಾತ್ರ ದುಡ್ಡು ಬೇಡ.

'ಗೋವಿನ ಹಾಡು' ಕಟ್ಟಿದಾಗ ಇದನ್ನೆಲ್ಲ ಒಟ್ಟಿಗೆ ಹಚ್ಚಿದೆವು. ಕಥೆ ನಿಮಗೆ ಹೇಳಬೇಕಾಗಿಲ್ಲ. ಅದನ್ನು ಎಲ್ಲರೂ ಮಾಡುತ್ತಾರೆ, ಅದಕ್ಕೇ ಕಷ್ಟ. ಜನ ಅಳಲು ತಯಾರಾಗಿಯೇ ಬಂದಿರುತ್ತಾರೆ. ಹಾಡು ಅಳಿಸುತ್ತದೆ, ನಟರು ಏನೂ ಮಾಡದಿದ್ದರೂ ನಡೆಯುತ್ತದೆ. ನಮಗೆ ಪುಣ್ಯಕೋಟಿ ಮೊದಲು ಹಸುವಾಗಬೇಕಿತ್ತು, ಸತ್ಯವಂತೆ ಆಮೇಲೆ.

ಅರ್ಬುತನಿಂದ ಶುರು ಮಾಡಿದೆವು. ಹುಲಿ ಮಾಡುವ ಹುಡುಗ ಎರಡು ದಿನ ಘರ್ಜಿಸಿದ. ಬೇಟೆಗೆ ಹೊಂಚು ಹಾಕಿದ ಹುಲಿ ಘರ್ಜಿಸುವುದಿಲ್ಲ. ಘರ್ಜಿಸಿದರೆ ಊಟ ಓಡಿಹೋಗುತ್ತದೆ. ಹುಲಿ ಕಾಯುತ್ತದೆ, ಹತ್ತಿರ ಬರುತ್ತದೆ, ನಿಲ್ಲುತ್ತದೆ. ಹಾಗಾಗಿ ಅವನಿಗೆ ಸದ್ದು ಬಂದ್ ಮಾಡಿದೆವು. ಜೊತೆಗೆ ಒಂದು ನಿಯಮ ಹಾಕಿದೆವು: ನಾಟಕ ಪೂರ್ತಿ ಅವನು ನೆಗೆಯುವಂತಿಲ್ಲ. ಎರಡೂ ಪಾದ ಒಟ್ಟಿಗೆ ನೆಲ ಬಿಡುವಂತಿಲ್ಲ. ಕೊನೆಯಲ್ಲಿ ಹುಲಿ ಹಾರಿ ಪ್ರಾಣ ಬಿಡುತ್ತದಲ್ಲ, ಆ ಒಂದು ನೆಗೆತಕ್ಕಾಗಿ ಎಲ್ಲವನ್ನೂ ಉಳಿಸಿ ಇಟ್ಟೆವು. ಅಲ್ಲಿಯವರೆಗೂ ಭಾರವಾಗಿ, ನೆಲಕ್ಕೆ ಅಂಟಿ ಇದ್ದ ಮೈ ಮೇಲೆ ಹೋದಾಗ ಸಭೆ ಬೆಚ್ಚಿತು.

ಹುಲಿಯ ಕಣ್ಣು ಮುಖದ ಮುಂದಿದೆ. ಹಸುವಿನ ಕಣ್ಣು ಪಕ್ಕದಲ್ಲಿದೆ, ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟು ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಇದನ್ನೇ ದೃಶ್ಯವಾಗಿ ಮಾಡಿದೆವು. ಹುಲಿ ಅಡ್ಡಗಟ್ಟಿದಾಗ ಪುಣ್ಯಕೋಟಿ ಅವನ ಕಡೆ ಮುಖ ತಿರುಗಿಸುವುದಿಲ್ಲ. ಅವಳು ಪ್ರೇಕ್ಷಕರ ಕಡೆ ನೋಡುತ್ತಿದ್ದಾಳೆ, ಹುಲಿ ಅವಳ ಪಕ್ಕದಲ್ಲಿದೆ, ಆದರೂ ಅವಳು ಅವನನ್ನು ನೋಡುತ್ತಿದ್ದಾಳೆ ಅಂತ ಎಲ್ಲರಿಗೂ ಗೊತ್ತಾಗಬೇಕು. ಆ ಕಡೆಯ ಪಕ್ಕೆ ಬಿಗಿಯುತ್ತದೆ, ಮೆಲುಕು ನಿಲ್ಲುತ್ತದೆ, ಹೆಗಲು ತೆರೆಯುತ್ತದೆ. ಹುಲಿ ಮಾತ್ರ ನೇರವಾಗಿ, ಒಂದೇ ಕಡೆ. ಎರಡು ಥರದ ನೋಟ, ಅಲ್ಲೇ ಬೇಟೆ ಯಾರು ಬೇಟೆಗಾರ ಯಾರು ಅಂತ ತೀರ್ಮಾನವಾಯಿತು.

ಪ್ರಾಣಿ ಮಾತಾಡಿದರೆ ಏನು ಮಾಡುವುದು ಅನ್ನುವುದು ಮುಂದಿನ ಪ್ರಶ್ನೆ. ಬಾಯಿ ತೆರೆದ ಕೂಡಲೇ ನಟಿ ಮನುಷ್ಯಳಾಗಿಬಿಡುತ್ತಾಳೆ, ಕೈ ಆಡುತ್ತದೆ, ಹುಬ್ಬು ಏರುತ್ತದೆ. ಮಾತಾಡುವಾಗ ಕಾಲು ಅಲುಗಬಾರದು, ಕಾಲು ಅಲುಗಿದಾಗ ಮಾತಿಲ್ಲ ಅಂತ ಮಾಡಿಕೊಂಡೆವು. ನಡುವೆ ಮೂಗಿನಿಂದ ಒಂದು ಉಸಿರು. ಗಿರೀಶ ಕಾರ್ನಾಡರ 'ಹಯವದನ'ದಲ್ಲಿ ಕುದುರೆ ತಲೆಯವನಿಗೆ ಕೊನೆಗೆ ಪೂರ್ತಿ ಕುದುರೆಯ ಮೈ ಬಂದರೂ ಮನುಷ್ಯನ ದನಿ ಹೋಗುವುದಿಲ್ಲ. ನಗುತ್ತಾ ನಗುತ್ತಾ ಅದು ಕೆನೆತವಾಗುತ್ತದೆ. ನಟನಿಗೆ ಅದಕ್ಕಿಂತ ಒಳ್ಳೆಯ ಕಸರತ್ತು ಇಲ್ಲ. ಮನೆಯಲ್ಲಿ ಮಾಡಿ ನೋಡಿ, ಬಾಗಿಲು ಹಾಕಿಕೊಂಡು.

ನನಗೆ ಇಡೀ ನಾಟಕದಲ್ಲಿ ಇಷ್ಟವಾದದ್ದು ಪುಣ್ಯಕೋಟಿಯ ನಡಿಗೆ. ಅವಳು ಹುಲಿಯನ್ನು ಬೇಡಿಕೊಳ್ಳುವುದು ಯಾಕೆ? ಕರುವಿಗೆ ಹಾಲು ಕೊಡಬೇಕು. ಅಂದರೆ ಆ ಹೊತ್ತಿಗೆ ಅವಳ ಕೆಚ್ಚಲು ತುಂಬಿದೆ. ತುಂಬಿದ ಕೆಚ್ಚಲಿನ ಹಸು ಸಂಜೆ ಹೇಗೆ ಬರುತ್ತದೆ ಅಂತ ನೋಡಿ. ಹಿಂಗಾಲು ಅಗಲ ಇಟ್ಟು, ಒಂದೊಂದೇ ಕಾಲನ್ನು ಕೆಚ್ಚಲಿನ ಸುತ್ತ ಬಳಸಿ ತರುತ್ತದೆ. ನಟಿಗೆ ತೊಡೆಗಳ ನಡುವೆ ಸುತ್ತಿದ ಟವೆಲ್ ಇಟ್ಟು ನಡೆಸಿದೆವು. ಬೀಳಿಸಬಾರದು, ಹಿಸುಕಲೂಬಾರದು. ಮೈಗೆ ಅಭ್ಯಾಸವಾದ ಮೇಲೆ ಟವೆಲ್ ತೆಗೆದೆವು, ನಡಿಗೆ ಉಳಿಯಿತು. ಕರು ಕುಡಿಯುವ ದೃಶ್ಯದಲ್ಲಿ ಕರುವಾದವನು ತಲೆಯಿಂದ ಗುದ್ದುತ್ತಾನೆ. ಕರುಗಳು ಹಾಲು ಇಳಿಯಲಿ ಅಂತ ಗುದ್ದುತ್ತವೆ, ಮುದ್ದಾಗಿ ಅಲ್ಲ, ಜೋರಾಗಿಯೇ. ಪ್ರತಿ ಗುದ್ದಿಗೂ ತಾಯಿ ಒಂದು ಹೆಜ್ಜೆ ಸರಿದು ನಿಲ್ಲುತ್ತಾಳೆ. ಆಮೇಲೆ ಅವಳು ಹುಲಿಯ ಗುಹೆಗೆ ಹೊರಡುತ್ತಾಳೆ. ಅದೇ ದಾರಿ, ಅದೇ ಹಾಡು. ಆದರೆ ಈಗ ಕೆಚ್ಚಲು ಬರಿದಾಗಿದೆ, ಹಿಂಗಾಲು ಹತ್ತಿರ ಬಂದಿದೆ, ನಡಿಗೆ ಹಗುರ. ಸಾಯಲು ಹೋಗುವವಳು ಹಗುರವಾಗಿ ಹೋಗುತ್ತಾಳೆ. ಹಳ್ಳಿಯೊಂದರಲ್ಲಿ ಆಟ ಮುಗಿದ ಮೇಲೆ ಒಬ್ಬ ಅಜ್ಜಿ ನಟಿಯನ್ನು ಕರೆದು "ನಿಂಗೆ ಹಾಲು ಇಳಿದಿದ್ದು ಗೊತ್ತಾಯ್ತು ಕಣವ್ವ" ಅಂದರು. ನಮ್ಮ ಪಾಲಿಗೆ ಒಲಿವಿಯರ್ ಪ್ರಶಸ್ತಿ ಅದೇ.

ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ನಮ್ಮ ನಾಡಿನಲ್ಲಿ ಪ್ರಾಣಿಯಾಗುವ ಆಚರಣೆಗಳು ಬಹಳ ಇವೆ. ತುಳುನಾಡಿನ ದೈವಗಳಲ್ಲಿ ಪಂಜುರ್ಲಿ ಅಂದರೆ ಹಂದಿ, ಮೈಸಂದಾಯ ಅಂದರೆ ಕೋಣ. ಮೈಲಾರಲಿಂಗನ ಭಕ್ತರಾದ ಗೊರವರು ದೇವರ ನಾಯಿಗಳಾಗಿ ಬೊಗಳುತ್ತಾ ದೋಣಿ ಅನ್ನುವ ಪಾತ್ರೆಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಚಲನೆ ಕಲಿಯುವವರಿಗೆ ಇವು ಅದ್ಭುತವಾಗಿ ಕಾಣುತ್ತವೆ, ನೋಡಬೇಕು ಕೂಡ. ಆದರೆ ದೈವದ ಹೆಜ್ಜೆಯನ್ನು ಎತ್ತಿ ತಂದು ನಾಟಕಕ್ಕೆ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಕಟ್ಟುವವರಿಗೆ ಅದು ನಾಟಕ ಅಲ್ಲ, ನೋಡುವ ಊರಿನವರಿಗೂ ಅಲ್ಲ. ಅಷ್ಟು ಬೇಕಿದ್ದರೆ ಯಕ್ಷಗಾನಕ್ಕೆ ಹೋಗಿ. ದೇವಿ ಮಹಾತ್ಮೆಯ ಮಹಿಷಾಸುರ ಸಭೆಯ ಹಿಂದಿನಿಂದ, ದೊಂದಿಯ ಬೆಂಕಿಯ ನಡುವೆ, ಕೂಗುತ್ತಾ ಬರುತ್ತಾನೆ. ದೊಡ್ಡ ಕೊಂಬು ಹೊತ್ತ ಕಿರೀಟದ ಭಾರಕ್ಕೆ ತಲೆ ತಿರುಗುವುದು ನಿಧಾನ, ತಲೆಯ ಹಿಂದೆ ಮೈ ತಿರುಗುತ್ತದೆ. ಕೋಣ ತಿರುಗುವುದೂ ಹೀಗೇ. ಅದು ರಂಗಕಲೆ, ಅದರಿಂದ ಕಲಿಯಿರಿ, ಕೇಳಿ ಕಲಿಯಿರಿ.

ಇನ್ನು ಕೆಲಸದ ಮಾತು. ಸಿಮೆಂಟು ನೆಲದ ಮೇಲೆ ಇದನ್ನೆಲ್ಲ ಮಾಡಿಸಬೇಡಿ. ಜಮಖಾನ ನಾಲ್ಕು ಮಡಿಕೆ ಮಾಡಿದರೂ ಮಂಡಿ ಉಳಿಯುವುದಿಲ್ಲ, ಕುಸ್ತಿಯವರ ಮ್ಯಾಟ್ ಎರವಲು ತನ್ನಿ. ಮಂಡಿಗಿಂತ ಮೊದಲು ಹೋಗುವುದು ಮಣಿಕಟ್ಟು, ವ್ಯಾಯಾಮ ಮಾಡಿಸಿ ಅದನ್ನು ಸಡಿಲ ಮಾಡದೆ ಕೈ ಮೇಲೆ ಭಾರ ಹಾಕಬೇಡಿ. ಕೊಂಬು, ಬಾಲ, ಮುಖವಾಡ ಕೊನೆಯ ವಾರ ಬರಲಿ. ಮೊದಲೇ ಕೊಟ್ಟರೆ ನಟರು ಕೆಲಸವನ್ನು ಅದಕ್ಕೆ ಬಿಟ್ಟು ಆರಾಮಾಗಿ ಇರುತ್ತಾರೆ.

ನಾಳೆ ಬೆಳಿಗ್ಗೆಯ ತಾಲೀಮಿಗೆ ಬರುವವರು ಇವತ್ತು ಮನೆಗೆ ಹೋಗುವ ದಾರಿಯಲ್ಲಿ ಒಂದು ಪ್ರಾಣಿ ಆರಿಸಿಕೊಳ್ಳಿ. ಕಾಗೆ, ಹಲ್ಲಿ, ಹಾಲಿನ ಬೂತ್ ಹತ್ತಿರದ ಹಸು, ಯಾವುದಾದರೂ ಸರಿ. ಹತ್ತು ನಿಮಿಷ ನೋಡಿ, ಸದ್ದಾದಾಗ ಮೊದಲು ಅಲುಗಾಡಿದ್ದು ಯಾವುದು ಅಂತ ಒಂದೇ ಉತ್ತರ ತನ್ನಿ. ಬೀದಿ ನಾಯಿ ಆರಿಸಿಕೊಂಡವರು ಸ್ವಲ್ಪ ದೂರ ನಿಂತು ನೋಡಿ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ.